ಗೋಧಿ ಬೆಳೆದವನು ರಾಜನಾದದ್ದು

ಹಿಂದಿನ ಸಂಚಿಕೆಯಲ್ಲಿ ಮೈಸೂರಿನ ಓದುಗರೊಬ್ಬರು ‘ತಮ್ಮ ಹೊಲವನ್ನೇ ಸ್ವತಂತ್ರ ದೇಶ ಅಂತ ಘೋಷಿಸಿಕೊಂಡವರು ಯಾರಾದರೂ ಇದ್ದಾರಾ?’ ಎಂದು ಕೇಳಿದ್ದರು. ‘ಇದ್ದರು, ಆಸ್ಟ್ರೇಲಿಯಾದ ಹಟ್ ರಿವರ್‌ನಲ್ಲಿ’ ಎಂದು ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ಸಂಪಾದಕರು ‘ಈ ಸಲ ಪೂರ್ತಿ ಅಂಕಣ ಅದಕ್ಕೇ ಇಟ್ಟುಬಿಡಿ’ ಅಂದರು. ನನಗೂ ಖುಷಿಯಾಯಿತು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಜಮೀನು, ಅರ್ಜಿ, ತಕರಾರು, ತೆರಿಗೆ ಬಾಕಿ ಎಲ್ಲ ಒಂದೇ ಕಡತದಲ್ಲಿ ಸಿಕ್ಕರೆ ಬಿಡುವುದುಂಟಾ?

● ಒಬ್ಬ ರೈತನಿಗೆ ಬೇರೆ ದೇಶ ಕಟ್ಟಿಕೊಳ್ಳುವಷ್ಟು ಸಿಟ್ಟು ಬರೋಕೆ ಏನಾಗಿತ್ತು ಸಾರ್?
– ಭತ್ತದ ಬೆಳೆಗಾರರೊಬ್ಬರು, ಸಿಂಧನೂರು

ನಿಮಗೆ ಬೇಗ ಅರ್ಥವಾಗುತ್ತದೆ. ಬೆಳೆ ಕೊಯ್ಲಿಗೆ ಬಂದಿತ್ತು. ಮಾರಲು ಬಿಡಲಿಲ್ಲ.

ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ರಾಜಧಾನಿ ಪರ್ತ್. ಅಲ್ಲಿಂದ ಉತ್ತರಕ್ಕೆ 517 ಕಿಲೋಮೀಟರ್ ದೂರದಲ್ಲಿ, ನಾರ್ತ್ಯಾಂಪ್ಟನ್ ಎಂಬ ಊರಿನ ಹತ್ತಿರ, ಗೋಧಿ ಮತ್ತು ಕುರಿಯ ಸೀಮೆ. ಹಟ್ ಅನ್ನುವುದು ಅಲ್ಲಿಯ ನದಿಯ ಹೆಸರು. ಲೆನಾರ್ಡ್ ಕ್ಯಾಸ್ಲಿ ಅಲ್ಲಿ ಜಮೀನು ಮಾಡಿಕೊಂಡಿದ್ದ ರೈತ. ಹುಟ್ಟಿದ್ದು 1925ರಲ್ಲಿ, ಚಿನ್ನದ ಗಣಿಗೆ ಹೆಸರಾದ ಕಾಲ್ಗೂರ್ಲಿಯಲ್ಲಿ.

1969ರಲ್ಲಿ ಆಸ್ಟ್ರೇಲಿಯಾದಲ್ಲಿ ಗೋಧಿ ಅತಿಯಾಯಿತು. ಕೊಳ್ಳುವವರಿಗಿಂತ ಬೆಳೆ ಜಾಸ್ತಿ. ರಾಜ್ಯ ಸರ್ಕಾರ ಒಬ್ಬೊಬ್ಬ ರೈತನಿಗೂ ಇಷ್ಟೇ ಮಾರಬಹುದು ಅಂತ ಕೋಟಾ ಗೊತ್ತು ಮಾಡಿತು. ಕ್ಯಾಸ್ಲಿಯ ಜಮೀನಿನಲ್ಲಿ ಆಗ ಸುಮಾರು 9,900 ಎಕರೆ ಗೋಧಿ ಬಲಿತು ನಿಂತಿತ್ತು. ಅವನಿಗೆ ಬಂದ ಕೋಟಾ 1,647 ಬುಶೆಲ್. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 448 ಕ್ವಿಂಟಲ್. ಅಂದರೆ ಬರೀ 99 ಎಕರೆಯ ಬೆಳೆ. ನೂರು ಮೂಟೆಯಲ್ಲಿ ಒಂದು ಮೂಟೆ ಮಾರು, ಉಳಿದದ್ದು ನಿನ್ನ ಹಣೆಬರಹ ಅಂದ ಹಾಗಾಯಿತು. ನಮ್ಮಲ್ಲಿ ಲೆವಿ ಕಾಲ ನೆನಪಿರುವ ಹಿರಿಯರು ಇದ್ದಾರೆ. ಲೆವಿಯಲ್ಲಿ ‘ಇಷ್ಟು ಕೊಡಲೇಬೇಕು’ ಅಂತ ಸರ್ಕಾರ ಬಾಗಿಲಿಗೆ ಬರುತ್ತಿತ್ತು. ಅಲ್ಲಿ ‘ಇದಕ್ಕಿಂತ ಜಾಸ್ತಿ ತಂದರೆ ತೆಗೆದುಕೊಳ್ಳುವುದಿಲ್ಲ’ ಅಂತ ಬಾಗಿಲು ಹಾಕಿಕೊಂಡಿತು. ಎರಡರಲ್ಲೂ ಸಾಲ ಮಾಡಿ ಬಿತ್ತಿದವನ ಪಾಡು ಒಂದೇ.

ಆ ಭಾಗದ ಐದು ಕುಟುಂಬಗಳು ಒಟ್ಟು ಸೇರಿದವು. ಕ್ಯಾಸ್ಲಿ ರಾಜ್ಯದ ಗವರ್ನರ್ ಸರ್ ಡಗ್ಲಸ್ ಕೆಂಡ್ರ್ಯೂ ಅವರಿಗೆ ಅರ್ಜಿ ಬರೆದ. ಕೋಟಾ ಬದಲಾಗುವುದಿಲ್ಲ ಎಂಬ ಉತ್ತರ ಬಂತು. ನಮ್ಮ ಕಡೆ ಇಂಥದ್ದಕ್ಕೆ ಹಿಂಬರಹ ಕೊಡುವುದು ಅನ್ನುತ್ತಾರೆ. ನಾನೇ ಎಷ್ಟೋ ಬರೆದಿದ್ದೇನೆ. ಸಾಮಾನ್ಯ ರೈತ ಹಿಂಬರಹ ಓದಿ, ಮಡಚಿ, ಟ್ರಂಕಿನಲ್ಲಿಟ್ಟು ಸುಮ್ಮನಾಗುತ್ತಾನೆ. ಕ್ಯಾಸ್ಲಿ ಅದನ್ನು ಒಂದೊಂದೇ ಅಕ್ಷರ ಹಿಡಿದು ಓದಿದ. ಗವರ್ನರ್ ಅಂದರೆ ಬ್ರಿಟನ್ನಿನ ರಾಣಿಯ ಪ್ರತಿನಿಧಿ; ಆಸ್ಟ್ರೇಲಿಯಾಕ್ಕೂ ಆಕೆಯೇ ರಾಣಿ. ಕೋಟಾ ಇನ್ನೂ ಕಾಯ್ದೆಯೇ ಆಗಿಲ್ಲ. ಹಾಗಾದರೆ ಕಾಯ್ದೆ ಇಲ್ಲದೆ ಆದ ನಷ್ಟಕ್ಕೆ ರಾಣಿಯೇ ಹೊಣೆ, ಅಲ್ವಾ? ಹೀಗೆ ವಾದ ಕಟ್ಟಿ 5 ಕೋಟಿ 20 ಲಕ್ಷ ಡಾಲರ್ ಪರಿಹಾರ ಕೇಳಿದ.

ಆಮೇಲೆ ಎರಡೇ ವಾರಕ್ಕೆ, ಜಮೀನನ್ನು ಸರ್ಕಾರ ವಾಪಸ್ ತೆಗೆದುಕೊಳ್ಳಲು ದಾರಿಯಾಗುವ ಮಸೂದೆ ಶಾಸನಸಭೆಗೆ ಬಂತು ಎಂದು ಅವನು ಕೊನೆಯವರೆಗೂ ಹೇಳುತ್ತಿದ್ದ. ಬೆಳೆಯ ಜಗಳ ಭೂಮಿಯ ಜಗಳವಾಗಿದ್ದು ಅಲ್ಲಿ. ಕೋಟಾ ಸಿಟ್ಟು ತಣ್ಣಗಾಗಬಹುದಿತ್ತು. ಭೂಮಿ ಹೋಗುತ್ತದೆ ಅಂದಾಗ ರೈತ ಯಾವ ದೇಶದವನಾದರೂ ಬೇರೆಯೇ ಮನುಷ್ಯನಾಗುತ್ತಾನೆ.

1970ರ ಏಪ್ರಿಲ್ 21ರಂದು ‘ನಾವು ಬೇರೆಯಾಗಿದ್ದೇವೆ’ ಎಂಬ ನೋಟಿಸನ್ನು ರಾಜ್ಯದ ಪ್ರೀಮಿಯರ್‌ಗೆ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ), ಇಡೀ ದೇಶಕ್ಕೆ ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್‌ಗೆ, ಕೇಂದ್ರ ಸರ್ಕಾರಕ್ಕೆ ಕೊಟ್ಟ. ಹೆಸರು ಹಟ್ ರಿವರ್ ಪ್ರಾವಿನ್ಸ್. ವಿಸ್ತೀರ್ಣ 75 ಚದರ ಕಿಲೋಮೀಟರ್, ಅಂದರೆ ಸುಮಾರು 18,500 ಎಕರೆ. ನಗಬೇಡಿ. ವಿಶ್ವಸಂಸ್ಥೆಯ ಸದಸ್ಯ ದೇಶ ಸ್ಯಾನ್ ಮರೀನೊ ಇರುವುದು 61 ಚದರ ಕಿಲೋಮೀಟರ್.

ಆ ಸೀಮೆಗೆ ಬೇರೆಯಾಗುವ ಮಾತು ಹೊಸದೂ ಅಲ್ಲ. 1933ರ ಏಪ್ರಿಲ್‌ನಲ್ಲಿ ಇಡೀ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯವೇ ಒಕ್ಕೂಟದಿಂದ ಹೊರಬರಬೇಕೇ ಎಂದು ಜನಮತ ಕೇಳಿತ್ತು. ಮೂರರಲ್ಲಿ ಎರಡು ಪಾಲು ಜನ ಹೌದು ಅಂದರು. ಮನವಿ ಲಂಡನ್ನಿಗೆ ಹೋಯಿತು. ಅದನ್ನು ತೆಗೆದುಕೊಳ್ಳುವ ಅಧಿಕಾರ ತನಗಿಲ್ಲ ಎಂದು 1935ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕೈತೊಳೆದುಕೊಂಡಿತು. ರಾಜ್ಯಕ್ಕೇ ದಕ್ಕದ್ದನ್ನು ಒಂದು ಜಮೀನು ಕೇಳಿತು.

● ಅಧ್ಯಕ್ಷ ಅಂತ ಕರೆದುಕೊಳ್ಳಬಹುದಿತ್ತು. ರಾಜ ಯಾಕೆ? ಬರೀ ಶೋಕಿನಾ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಶೋಕಿ ಆಮೇಲೆ ಬಂತು ತಾಯಿ. ಮೊದಲು ಬಂದದ್ದು ಕಾಯ್ದೆ ಪುಸ್ತಕ.

ಗವರ್ನರ್ ಜನರಲ್ ಕಚೇರಿಯ ಜೊತೆ ಪತ್ರ ವ್ಯವಹಾರ ನಡೆಯುತ್ತಿತ್ತು. ಅಲ್ಲಿಂದ ಬಂದ ಒಂದು ಪತ್ರದ ವಿಳಾಸದಲ್ಲಿ ಯಾರೋ ಗುಮಾಸ್ತರು ‘ಹಟ್ ರಿವರ್ ಪ್ರಾವಿನ್ಸ್‌ನ ಆಡಳಿತಗಾರರಿಗೆ’ ಎಂದು ಬರೆದುಬಿಟ್ಟರು. ಅರ್ಜಿದಾರ ತನ್ನನ್ನು ಏನೆಂದು ಬರೆದುಕೊಂಡಿರುತ್ತಾನೋ ಅದನ್ನೇ ಉತ್ತರದಲ್ಲಿ ಇಳಿಸುವುದು ಟಪಾಲು ಶಾಖೆಯ ಅಭ್ಯಾಸ. ನಮ್ಮಲ್ಲೂ ಹಾಗೇ. ಕ್ಯಾಸ್ಲಿ ಅದನ್ನೇ ಹಿಡಿದುಕೊಂಡ. ರಾಣಿಯ ಪ್ರತಿನಿಧಿಯೇ ನನ್ನನ್ನು ಆಡಳಿತಗಾರ ಅಂದಿದ್ದಾರೆ, ಇನ್ನು ಕೋರ್ಟುಗಳೂ ಒಪ್ಪಲೇಬೇಕು ಅಂದ!

ಪ್ರಧಾನಿ ವಿಲಿಯಂ ಮೆಕ್‌ಮಹನ್ ಕೇಸು ಹಾಕುವ ಬೆದರಿಕೆ ಹಾಕಿದಾಗ ರಾಜಪಟ್ಟ ಬಂತು. ಇಂಗ್ಲೆಂಡಿನಲ್ಲಿ 1495ರ ರಾಜದ್ರೋಹ ಕಾಯ್ದೆ ಅಂತ ಒಂದಿದೆ. ಏಳನೇ ಹೆನ್ರಿಯ ಕಾಲದ್ದು. ಅದಕ್ಕೆ ಮುಂಚೆ ಅಲ್ಲಿ ಸಿಂಹಾಸನಕ್ಕಾಗಿ ಎರಡು ಮನೆತನಗಳು ದಶಕಗಟ್ಟಲೆ ಹೊಡೆದಾಡಿದ್ದವು. ಇವತ್ತು ಇವನು ರಾಜ, ನಾಳೆ ಅವನು. ಇವತ್ತಿನ ರಾಜನಿಗೆ ನಿಷ್ಠೆಯಿಂದ ಕೆಲಸ ಮಾಡಿದವನು ನಾಳೆ ದ್ರೋಹಿ. ಅದಕ್ಕೇ ಹೆನ್ರಿ, ಆ ಹೊತ್ತಿಗೆ ಸಿಂಹಾಸನದ ಮೇಲೆ ಯಾರಿದ್ದಾರೋ ಅವರ ಸೇವೆ ಮಾಡಿದ್ದು ದ್ರೋಹವಲ್ಲ ಎಂದು ಕಾಯ್ದೆ ಮಾಡಿದ. ಕ್ಯಾಸ್ಲಿ ಇದನ್ನು ತನಗೆ ಬೇಕಾದ ಹಾಗೆ ತಿರುಗಿಸಿಕೊಂಡ. ನಾನು ಈ ನೆಲದ ರಾಜ. ನನ್ನನ್ನು ಮುಟ್ಟಿದವರೇ ದ್ರೋಹಿಗಳು!

ನೀವು ಕಾನೂನು ಓದುವವರು. ತಪ್ಪು ಎಲ್ಲಿದೆ ಅಂತ ಆಗಲೇ ಕಂಡಿರಬೇಕು. ಕಾಯ್ದೆ ರಕ್ಷಿಸಿದ್ದು ರಾಜನ ಸೇವಕರನ್ನು. ತನಗೆ ತಾನೇ ಕಿರೀಟ ಇಟ್ಟುಕೊಂಡವನನ್ನಲ್ಲ. ಆದರೂ ಈ ಮನುಷ್ಯ ವಕೀಲನಲ್ಲದೆ ಐನೂರು ವರ್ಷ ಹಳೆಯ ಕಾಯ್ದೆಯನ್ನು ಹುಡುಕಿ ತೆಗೆದದ್ದಕ್ಕೆ ನಾನು ಒಂದು ಶಹಭಾಸ್ ಕೊಡುತ್ತೇನೆ. ಅವನು ಬ್ರಿಟನ್ನಿನ ರಾಣಿಗೆ ನಿಷ್ಠೆ ಬಿಡಲಿಲ್ಲ ಅನ್ನುವುದೂ ನಿಜ. ಅದಕ್ಕೇ ಕಿಂಗ್ ಅನ್ನದೆ ಪ್ರಿನ್ಸ್ ಲೆನಾರ್ಡ್ ಆದ. ಹೆಂಡತಿ ಶರ್ಲಿ ಪ್ರಿನ್ಸೆಸ್ ಆದರು. ಜಗಳ ಆಡಿದ್ದು ಸರ್ಕಾರದ ಜೊತೆ, ರಾಣಿಯ ಜೊತೆ ಅಲ್ಲ ಎಂಬುದು ಅವನ ಲೆಕ್ಕ.

ಇನ್ನೊಂದು ವಾದವೂ ಇತ್ತು. ಬೇರೆಯಾದೆವು ಎಂದು ನೋಟಿಸ್ ಕೊಟ್ಟ ಎರಡು ವರ್ಷದೊಳಗೆ ಸರ್ಕಾರ ಕ್ರಮ ಕೈಗೊಳ್ಳಲಿಲ್ಲ. ಆದ್ದರಿಂದ 1972ರ ಏಪ್ರಿಲ್ 21ಕ್ಕೆ ತಕರಾರು ಅವಧಿ ಮುಗಿಯಿತು, ದೇಶ ಖಾಯಂ! ಖಾತೆ ಬದಲಾವಣೆಗೂ ದೇಶ ಬದಲಾವಣೆಗೂ ವ್ಯತ್ಯಾಸ ಇದೆ ಅಂತ ಹೇಳುವವರು ಅವನ ಪಕ್ಕದಲ್ಲಿ ಯಾರೂ ಇರಲಿಲ್ಲವೋ ಏನೋ.

● ಅಜ್ಜ, ಅವರು ಆಸ್ಟ್ರೇಲಿಯಾ ಮೇಲೆ ಯುದ್ಧ ಮಾಡಿದ್ರಂತೆ ಹೌದಾ? ಎಷ್ಟು ಜನ ಸತ್ತರು?
– ಏಳನೇ ಕ್ಲಾಸ್ ಹುಡುಗ, ಸಾಗರ

ಯಾರೂ ಸಾಯಲಿಲ್ಲ ಮರಿ. ಒಂದು ಗುಂಡೂ ಹಾರಲಿಲ್ಲ.

1976ರಲ್ಲಿ ಆಸ್ಟ್ರೇಲಿಯಾದ ಅಂಚೆಯವರು ಹಟ್ ರಿವರ್‌ನ ಟಪಾಲು ಮುಟ್ಟುವುದಿಲ್ಲ ಅಂದರು. ಕಾಗದಗಳನ್ನು ಕೆನಡಾ ಸುತ್ತಿಸಿ ತರಿಸಿಕೊಳ್ಳಬೇಕಾಯಿತು. ಮೇಲಿಂದ ಮೇಲೆ ತೆರಿಗೆ ಇಲಾಖೆಯ ನೋಟಿಸುಗಳು ಬೇರೆ. ರಾಜನಿಗೆ ರೋಸಿಹೋಯಿತು. 1977ರ ಡಿಸೆಂಬರ್ 2ರಂದು ಆಸ್ಟ್ರೇಲಿಯಾದ ಮೇಲೆ ಯುದ್ಧ ಸಾರಿದ. ಕೆಲವೇ ದಿನಕ್ಕೆ ‘ಯುದ್ಧ ಮುಗಿಯಿತು’ ಎಂದು ಇನ್ನೊಂದು ಪತ್ರ ಬರೆದ. ಆಸ್ಟ್ರೇಲಿಯಾದ ಸೈನ್ಯ ಬರಲಿಲ್ಲ. ಬಾರದವರು ಗೆಲ್ಲುವುದು ಹೇಗೆ? ಆದ್ದರಿಂದ ನಾವು ಸೋತಿಲ್ಲ, ಸೋಲದ ದೇಶವನ್ನು ಜಿನೀವಾ ಒಪ್ಪಂದದ ಪ್ರಕಾರ ಗೌರವಿಸಬೇಕು ಎಂದು ವಾದ ಹೂಡಿದ. ಒಪ್ಪಂದದಲ್ಲಿ ಹಾಗೇನೂ ಇಲ್ಲ. ಅದು ಇರುವುದು ಗಾಯಾಳುಗಳು, ಕೈದಿಗಳು, ಸಾಮಾನ್ಯ ಜನರನ್ನು ಯುದ್ಧದಲ್ಲಿ ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ.

ನಿನಗೆ ಇಷ್ಟವಾಗುವ ಇನ್ನೊಂದು ವಿಷಯ. ಹಟ್ ರಿವರ್‌ಗೆ ಒಂದು ಗೇಣು ಸಮುದ್ರ ಇರಲಿಲ್ಲ. ಸುತ್ತ ಆಸ್ಟ್ರೇಲಿಯಾದ ನೆಲವೇ. ಆದರೂ ನೌಕಾಪಡೆಯ ಅಧಿಕಾರಿಗಳನ್ನು ನೇಮಿಸಿದ್ದರು.

● ಹೊಟ್ಟೆಪಾಡಿಗೆ ಏನು ಮಾಡ್ತಿದ್ರು? ರಾಣಿಯಮ್ಮ ಅಡುಗೆ ಮಾಡ್ತಿದ್ರಾ, ಆಳುಕಾಳು ಇದ್ರಾ?
– ಗೃಹಿಣಿ, ಪುತ್ತೂರು

ಅರಮನೆ ಇರಲಿಲ್ಲಮ್ಮ. ರಾಜಧಾನಿಯ ಹೆಸರು ನೇಯ್ನ್. ಅಲ್ಲಿ ಇದ್ದದ್ದು ಒಂದು ಸರ್ಕಾರಿ ಕಚೇರಿ, ಅದರಲ್ಲೇ ಅಂಚೆ. ಒಂದು ಪುಟ್ಟ ಚರ್ಚು, ನೆನಪಿನ ವಸ್ತು ಮಾರುವ ಅಂಗಡಿ. ಮತ್ತೆ ರಾಜನ ದೊಡ್ಡ ಕಲ್ಲಿನ ತಲೆ. ಅಲ್ಲೇ ವಾಸ ಇದ್ದವರು ಒಂದು ದೊಡ್ಡ ಕೂಡು ಕುಟುಂಬದಷ್ಟು ಜನ. ಗೋಧಿ, ಕುರಿ, ಕಾಡುಹೂವು ಅವರ ಬೇಸಾಯ.

ಕೃಷಿಗಿಂತ ಒಳ್ಳೆಯ ಫಸಲು ಪ್ರವಾಸಿಗರಿಂದ ಬಂತು. ಮಣ್ಣಿನ ದಾರಿಯಲ್ಲಿ ಧೂಳು ಕುಡಿದುಕೊಂಡು ಜನ ಬರುತ್ತಿದ್ದರು. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು, ಅಂಚೆಚೀಟಿ, ನಾಣ್ಯ, ನೋಟು ಕೊಂಡುಕೊಂಡು ಹೋಗುತ್ತಿದ್ದರು. ಅವರ ಡಾಲರಿನ ಬೆಲೆ ಆಸ್ಟ್ರೇಲಿಯಾ ಡಾಲರಿಗೆ ಸಮ ಅಂತ ಅವರೇ ಗೊತ್ತು ಮಾಡಿಕೊಂಡಿದ್ದರು. ಮುದ್ರೆ ಒತ್ತುತ್ತಿದ್ದದ್ದು ಎಷ್ಟೋ ಸಲ ಸ್ವತಃ ರಾಜ. ಪ್ರಿನ್ಸೆಸ್ ಶರ್ಲಿಯ ಕೆಲಸ ವಿದೇಶಿ ಅತಿಥಿಗಳನ್ನು ಬರಮಾಡಿಕೊಳ್ಳುವುದು. ಏಳು ಮಕ್ಕಳನ್ನು ಸಾಕಿದ್ದೂ ಅವರೇ. ಅಡುಗೆಯ ವಿಷಯ ನೀವೇ ಊಹಿಸಿಕೊಳ್ಳಿ. ಅವರು 2013ರಲ್ಲಿ ತೀರಿಕೊಂಡರು.

● 50 ವರ್ಷ ಆಸ್ಟ್ರೇಲಿಯಾ ಸರ್ಕಾರ ಯಾಕೆ ಸುಮ್ಮನಿತ್ತು? ನಮ್ಮಲ್ಲಾಗಿದ್ದರೆ ಅರ್ಧ ಗಂಟೆಯಲ್ಲಿ ಜೀಪು ಬರುತ್ತಿತ್ತು.
– ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಹಾವೇರಿ

ಇದೇ ನನಗೆ ಬಹಳ ಹಿಡಿಸಿದ ಪ್ರಶ್ನೆ. ಮೊದಮೊದಲು ರಾಜ್ಯ ‘ಇದು ಕೇಂದ್ರದ ಕೆಲಸ’ ಅಂತು. ಗವರ್ನರ್ ಜನರಲ್ ಪಾಲ್ ಹ್ಯಾಸ್ಲಕ್ ಕಡೆಯಿಂದ ‘ಇದರಲ್ಲಿ ಕೇಂದ್ರ ತಲೆಹಾಕಲು ಬರುವುದಿಲ್ಲ’ ಎಂಬರ್ಥದ ಉತ್ತರ ಬಂತು. ಕಡತ ಆ ಮೇಜಿನಿಂದ ಈ ಮೇಜಿಗೆ, ಈ ಮೇಜಿನಿಂದ ಆ ಮೇಜಿಗೆ. ಇದನ್ನು ಕ್ಯಾಸ್ಲಿ ಮಾನ್ಯತೆ ಅಂದುಕೊಂಡ. ಕಚೇರಿಯಲ್ಲಿ ಕೂತವನಿಗೆ ಗೊತ್ತು, ಇದು ಮಾನ್ಯತೆ ಅಲ್ಲ, ಬರೀ ಪೆಂಡಿಂಗ್.

ಆಮೇಲೆ ಸರ್ಕಾರಕ್ಕೆ ಅರ್ಥವಾಗಿರಬೇಕು, ಈ ಮನುಷ್ಯನಿಂದ ಯಾರಿಗೂ ತೊಂದರೆ ಇಲ್ಲ. ಪೊಲೀಸರನ್ನು ಕಳಿಸಿ ಒಬ್ಬ ಮುದುಕನಿಗೆ ಬೇಡಿ ಹಾಕಿದರೆ ಅವನು ಹೀರೊ ಆಗುತ್ತಾನೆ. ಸುಮ್ನೆ ಬಿಟ್ಟರೆ ಪ್ರವಾಸಿ ತಾಣ. ವಿಶ್ವಸಂಸ್ಥೆಯ ಒಂದೇ ಒಂದು ಸದಸ್ಯ ದೇಶವೂ ಹಟ್ ರಿವರ್ ಅನ್ನು ಒಪ್ಪಲಿಲ್ಲ. 1933ರ ಮಾಂಟೆವಿಡಿಯೊ ಒಪ್ಪಂದದಲ್ಲಿ ದೇಶ ಅನ್ನಿಸಿಕೊಳ್ಳಲು ನಾಲ್ಕು ಲಕ್ಷಣ ಹೇಳಿದೆ: ಖಾಯಂ ಜನ, ಗೊತ್ತಾದ ನೆಲ, ಒಂದು ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ. ಕ್ಯಾಸ್ಲಿಯಂಥವರು ಈ ನಾಲ್ಕಕ್ಕೂ ಟಿಕ್ ಹಾಕಿಕೊಳ್ಳುತ್ತಾರೆ. ಆದರೆ ಆ ನೆಲ ಆಗಲೇ ಇನ್ನೊಬ್ಬರ ಪಹಣಿಯಲ್ಲಿ ಇದೆಯಲ್ಲ, ಅದನ್ನು ಮರೆಯುತ್ತಾರೆ. 2016ರಲ್ಲಿ 46ನೇ ವಾರ್ಷಿಕೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯಿಂದ ರಾಣಿಯ ಶುಭಾಶಯದ ಪತ್ರ ಬಂತು. ಅಲ್ಲಿ ಹಬ್ಬವೋ ಹಬ್ಬ. ಇಂಥ ಪತ್ರಗಳನ್ನು ಕಚೇರಿಯವರು ಮರ್ಯಾದೆಗೆ ಬರೆಯುತ್ತಾರೆ. ಅದರ ಮೇಲೆ ದೇಶ ನಿಲ್ಲುವುದಿಲ್ಲ.

ಆಸ್ಟ್ರೇಲಿಯಾ ಸರ್ಕಾರ ಕಿರೀಟ, ಸೈನ್ಯ, ಅಂಚೆಚೀಟಿ ಯಾವುದಕ್ಕೂ ತಲೆಕೆಡಿಸಿಕೊಳ್ಳಲಿಲ್ಲ. ಬಿಡದೇ ಇದ್ದದ್ದು ಒಂದೇ, ತೆರಿಗೆ. 2017ರ ಜೂನ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಲೆನಾರ್ಡ್ ಸುಮಾರು 27 ಲಕ್ಷ ಡಾಲರ್ ಕಟ್ಟಬೇಕು. ಮಗ ಆರ್ಥರ್ 2 ಲಕ್ಷ 42 ಸಾವಿರ ಡಾಲರ್ ಕಟ್ಟಬೇಕು. ಯಾರು ಬೇಕಾದರೂ ತಮ್ಮ ಮನೆಯಲ್ಲಿ ತಾವು ರಾಜ ಅಂದುಕೊಳ್ಳಬಹುದು, ಆದರೆ ಆಸ್ಟ್ರೇಲಿಯಾದ ಕಾನೂನನ್ನು ಬದಿಗಿಡಲು, ತೆರಿಗೆ ಕಟ್ಟದೆ ಇರಲು ಆಗುವುದಿಲ್ಲ ಎಂದು ನ್ಯಾಯಮೂರ್ತಿ ಲ ಮಿಯೇರ್ ಹೇಳಿದರು. ಅಷ್ಟು ವರ್ಷ ಕಟ್ಟಿದ ವಾದವನ್ನೆಲ್ಲ ಅರ್ಥವಿಲ್ಲದ ಬಡಬಡಿಕೆ ಎಂದು ತಳ್ಳಿಹಾಕಿದರು.

ಅದೇ ವರ್ಷ ಫೆಬ್ರವರಿಯಲ್ಲಿ, 91ನೇ ವಯಸ್ಸಿನಲ್ಲಿ, ಲೆನಾರ್ಡ್ ಪಟ್ಟ ಬಿಟ್ಟಿದ್ದ. ಕಿರಿಯ ಮಗ ಗ್ರೇಮ್ ರಾಜನಾದ. 2019ರ ಫೆಬ್ರವರಿಯಲ್ಲಿ ಲೆನಾರ್ಡ್ ತೀರಿಕೊಂಡ. ಮಗನಿಗೆ ಸಿಕ್ಕಿದ್ದು ಕಿರೀಟ ಮತ್ತು ಬಾಕಿ ಪಟ್ಟಿ. 2020ರ ಜನವರಿ ಕೊನೆಗೆ ಗಡಿ ಮುಚ್ಚಿದರು. ಆಮೇಲೆ ಕೊರೋನಾ ಬಂದು ಪ್ರವಾಸಿಗರೂ ಇಲ್ಲವಾದರು. 2020ರ ಆಗಸ್ಟ್ 3ಕ್ಕೆ ದೇಶವನ್ನು ವಿಸರ್ಜಿಸಿ, ತೆರಿಗೆ ತೀರಿಸಲು ಜಮೀನು ಮಾರುವುದಾಗಿ ಹೇಳಿದರು. ನಿಮ್ಮ ಜೀಪು ಕೊನೆಗೂ ಬರಲಿಲ್ಲ ನೋಡಿ. ನಮ್ಮ ಇಲಾಖೆಯ ನೋಟಿಸೇ ಸಾಕಾಯಿತು.

● ಸಮುದ್ರದ ಮಧ್ಯೆ ಕಂಬದ ಮೇಲೆ ಒಂದು ದೇಶ ಇದೆಯಂತೆ. ಅದೂ ಮುಚ್ಚಿತಾ?
– ಮೀನುಗಾರಿಕೆ ಬೋಟಿನ ಮಾಲೀಕರು, ಕಾರವಾರ

ಇಲ್ಲ, ಸೀಲ್ಯಾಂಡ್ ಇನ್ನೂ ಇದೆ. ಇಂಗ್ಲೆಂಡಿನ ಸಫಕ್ ತೀರದಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಎರಡು ದಪ್ಪ ಕಾಂಕ್ರೀಟ್ ಕಂಬಗಳ ಮೇಲೆ ಒಂದು ಅಟ್ಟ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುಂಡು ಹೊಡೆಯಲು ಕಟ್ಟಿದ್ದು. 1956ರಲ್ಲಿ ಬ್ರಿಟಿಷರು ಖಾಲಿ ಮಾಡಿದರು. ಮಾಜಿ ಮೇಜರ್ ರಾಯ್ ಬೇಟ್ಸ್ ಅದನ್ನು ಹಿಡಿದುಕೊಂಡು 1967ರ ಸೆಪ್ಟೆಂಬರ್ 2ರಂದು ಸ್ವತಂತ್ರ ದೇಶ ಅಂದ. ಅವತ್ತು ಅವನ ಹೆಂಡತಿ ಜೋನ್ ಹುಟ್ಟುಹಬ್ಬ. ಉಡುಗೊರೆಗೆ ಸೀರೆ, ಒಡವೆ ಕೊಡುವವರು ಈ ಸಾಲು ಹೆಂಡತಿಗೆ ತೋರಿಸಬೇಡಿ.

ಅವನಿಗೆ ಕ್ಯಾಸ್ಲಿಗಿಲ್ಲದ ಒಂದು ಅದೃಷ್ಟ ಇತ್ತು. ಆಗ ಬ್ರಿಟನ್ನಿನ ಕಡಲ ಗಡಿ ಇದ್ದದ್ದು ಮೂರೇ ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್. ಮಗ ಮೈಕೆಲ್ ಹತ್ತಿರ ಬಂದ ದೋಣಿಯವರನ್ನು ಬೆದರಿಸಲು ಗುಂಡು ಹಾರಿಸಿದ. ಕೇಸಾಯಿತು. ಜಾಗ ಗಡಿಯ ಹೊರಗಿದೆ, ತನಗೆ ಅಧಿಕಾರ ಇಲ್ಲ ಎಂದು 1968ರಲ್ಲಿ ಚೆಲ್ಮ್ಸ್‌ಫರ್ಡ್ ಕೋರ್ಟು ಕೈಬಿಟ್ಟಿತು.

1978ರ ಆಗಸ್ಟ್‌ನಲ್ಲಿ ನಡೆದದ್ದು ಯಕ್ಷಗಾನದ ಪ್ರಸಂಗಕ್ಕಾಗುವಂಥದ್ದು. ಅಲೆಕ್ಸಾಂಡರ್ ಆಚೆನ್‌ಬಾಕ್ ಎಂಬ ಜರ್ಮನ್ ವ್ಯವಹಾರಸ್ಥ ಬಾಡಿಗೆ ಭಟರನ್ನು ಕಳಿಸಿ ಅಟ್ಟವನ್ನು ಹಿಡಿಸಿದ. ಮೈಕೆಲ್ ಒತ್ತೆಯಾಳಾದ. ಅಪ್ಪ ಹೆಲಿಕಾಪ್ಟರ್ ತಂದು ವಾಪಸ್ ಗೆದ್ದ. ಸೀಲ್ಯಾಂಡ್ ಪಾಸ್‌ಪೋರ್ಟ್ ಇದ್ದ ಜರ್ಮನ್ ವಕೀಲನೊಬ್ಬನನ್ನು ದೇಶದ್ರೋಹದ ಮೇಲೆ ಕೂಡಿಹಾಕಿದರು. ಬ್ರಿಟನ್ ಕೈ ಹಾಕಲಿಲ್ಲ. ಪಶ್ಚಿಮ ಜರ್ಮನಿ ತನ್ನ ರಾಯಭಾರಿ ಕಚೇರಿಯ ಅಧಿಕಾರಿಯನ್ನು ಮಾತುಕತೆಗೆ ಕಳಿಸಿತು. ವಕೀಲ ಬಿಡುಗಡೆಯಾದ. ‘ಜರ್ಮನಿ ನಮ್ಮನ್ನು ಒಪ್ಪಿತು’ ಎಂದು ಬೇಟ್ಸ್ ಎಲ್ಲರಿಗೂ ಹೇಳಿಕೊಂಡು ಬಂದ.

1987ರಲ್ಲಿ ಬ್ರಿಟನ್ ತನ್ನ ಗಡಿಯನ್ನು 12 ನಾಟಿಕಲ್ ಮೈಲಿಗೆ ವಿಸ್ತರಿಸಿತು. ಅಟ್ಟ ಈಗ ಅದರ ಒಳಗೇ ಇದೆ. ಆದರೆ ಅಲ್ಲಿ ಗೋಧಿ ಬೆಳೆಯುವುದಿಲ್ಲ. ವಸೂಲಿ ಮಾಡಲು ಹೋಗುವುದು ಯಾರು? ರಾಯ್ 2012ರಲ್ಲಿ, ಜೋನ್ 2016ರಲ್ಲಿ ತೀರಿಕೊಂಡರು. ಮಗ ಮೈಕೆಲ್ ಲಾರ್ಡ್, ಲೇಡಿ ಎಂಬ ಬಿರುದುಗಳ ಮಾರಾಟ ನಡೆಸಿಕೊಂಡು ಬಂದ.

● ಹಾಗಾದರೆ ನಮ್ಮ ಬಿಡದಿಯ ನಿತ್ಯಾನಂದರ ಕೈಲಾಸ?
– ಆಟೊ ಚಾಲಕರು, ರಾಮನಗರ

ಅದಕ್ಕೂ ಹಟ್ ರಿವರ್‌ಗೂ ದೊಡ್ಡ ವ್ಯತ್ಯಾಸ ನೆಲದ್ದು. ಕ್ಯಾಸ್ಲಿಯ ಹತ್ತಿರ ತೋರಿಸಲು ಹೊಲ ಇತ್ತು, ಬೇಲಿ ಇತ್ತು. ಬಿಡದಿಯಲ್ಲಿ ಆಶ್ರಮ ಇದ್ದ ನಿತ್ಯಾನಂದ, ಇಲ್ಲಿ ಕೇಸು ಇರುವಾಗಲೇ ದೇಶ ಬಿಟ್ಟ. ಆಮೇಲೆ 2019ರಲ್ಲಿ ಕೈಲಾಸ ಎಂಬ ತನ್ನದೇ ‘ದೇಶ’ದ ಘೋಷಣೆ ಬಂತು. 2023ರ ಜನವರಿಯಲ್ಲಿ ಅಮೆರಿಕದ ನ್ಯೂವಾರ್ಕ್ ನಗರದವರು ‘ಸೋದರಿ ನಗರ’ ಒಪ್ಪಂದವನ್ನೇ ಮಾಡಿಕೊಂಡರು. ವಿಷಯ ತಿಳಿದ ಮೇಲೆ ರದ್ದು ಮಾಡಿದರು. ಮುಂದಿನ ತಿಂಗಳು ಜಿನೀವಾದಲ್ಲಿ ವಿಶ್ವಸಂಸ್ಥೆಯ ಸಮಿತಿಗಳ ಸಾರ್ವಜನಿಕ ಸಭೆಗಳಲ್ಲಿ ಕೈಲಾಸದ ಹೆಸರಿನವರು ಮಾತಾಡಿದರು. ಯಾರು ಬೇಕಾದರೂ ಹೆಸರು ನೋಂದಾಯಿಸಿ ಹೋಗಬಹುದಾದ ಸಭೆಗಳು ಅವು. ವೇದಿಕೆಯ ಫೋಟೊ ಸಿಕ್ಕಿತು, ಮಾನ್ಯತೆ ಸಿಗಲಿಲ್ಲ.

● ನಮ್ಮ ತಾಲ್ಲೂಕಿನ ಈಸೂರನ್ನು ಯಾಕೆ ಬಿಟ್ಟಿರಿ? ಅವರೂ ಸ್ವತಂತ್ರ ಅಂತ ಘೋಷಿಸಿಕೊಂಡಿದ್ದರು.
– ಪ್ರೌಢಶಾಲಾ ಶಿಕ್ಷಕರು, ಶಿಕಾರಿಪುರ

ಬೇಕೆಂದೇ ಬಿಟ್ಟೆ ಮೇಷ್ಟ್ರೇ. ಈಸೂರನ್ನು ಈ ಸಾಲಿನಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. 1942ರ ಸೆಪ್ಟೆಂಬರ್‌ನಲ್ಲಿ ಆ ಊರು ಕಂದಾಯ ಕೊಡುವುದಿಲ್ಲ ಅಂತು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಹಾರಿಸಿತು. ಚಿಕ್ಕ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಅಂತ ನೇಮಿಸಿಕೊಂಡಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂದದ್ದು ಇಡೀ ದೇಶದ ಚಳವಳಿಯ ಒಳಗೆ ನಿಂತು. ತಮಗೊಂದು ಪುಟ್ಟ ದೇಶ ಬೇಕು ಅಂತ ಅಲ್ಲ. ಗಲಾಟೆಯಲ್ಲಿ ಸರ್ಕಾರದ ನಿಜವಾದ ಅಮಲ್ದಾರರು, ಸಬ್ ಇನ್‌ಸ್ಪೆಕ್ಟರ್ ಸತ್ತರು. ಆ ಅಮಲ್ದಾರರು ನಮ್ಮ ಇಲಾಖೆಯವರೇ. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೆ ಹಾಕಿದರು. ಅಂಚೆಚೀಟಿ ಮಾರುವವರ ಪಕ್ಕದಲ್ಲಿ ಅವರ ಹೆಸರು ಬರುವುದು ಬೇಡ.

● ನನಗೆ 12 ಎಕರೆ ಕಾಫಿ ತೋಟ ಇದೆ. ರಾಜ ಆಗೋಕೆ ಎಲ್ಲಿ ಅರ್ಜಿ ಹಾಕಬೇಕು?
– ಕಾಫಿ ಬೆಳೆಗಾರರು, ಮೂಡಿಗೆರೆ

ನಮ್ಮ ಸಂವಿಧಾನದ ಮೊದಲನೇ ವಿಧಿಯಲ್ಲೇ ಭಾರತ ರಾಜ್ಯಗಳ ಒಕ್ಕೂಟ ಎಂದಿದೆ. ಹೊರಗೆ ಹೋಗುವ ಬಾಗಿಲನ್ನು ಎಲ್ಲೂ ಇಟ್ಟಿಲ್ಲ. 1963ರ 16ನೇ ತಿದ್ದುಪಡಿ ಬಂದದ್ದೇ ಬೇರೆಯಾಗುವ ಮಾತಿಗೆ ಕಡಿವಾಣ ಹಾಕಲು. ಅರ್ಜಿ ಹಾಕಿದರೆ ಹಿಂಬರಹ ಬರುವುದಿಲ್ಲ, ಹೆಡ್ ಕಾನ್‌ಸ್ಟೆಬಲ್ಲರು ಮೇಲೆ ಹೇಳಿದ ಜೀಪೇ ಬರುತ್ತದೆ.

ಆಸೆ ತೀರಲೇಬೇಕು ಅಂದರೆ ಅಮೆರಿಕದ ಕೆವಿನ್ ಬಾ ಅವರನ್ನು ನೋಡಿ. ನೆವಾಡ ರಾಜ್ಯದಲ್ಲಿ ತಮ್ಮ ಮನೆ, ಹಿತ್ತಲು ಸೇರಿಸಿ ಮೊಲೋಸಿಯ ಗಣರಾಜ್ಯ ಮಾಡಿಕೊಂಡಿದ್ದಾರೆ. ಮಿಲಿಟರಿ ಸಮವಸ್ತ್ರ ಹಾಕಿಕೊಂಡು ಅವರೇ ಪ್ರವಾಸಿಗರಿಗೆ ತಿರುಗಾಡಿಸಿ ತೋರಿಸುತ್ತಾರೆ. ಅವರ ಹಣದ ಬೆಲೆ ಬಿಸ್ಕತ್ತಿನ ಹಿಟ್ಟಿಗೆ ಕಟ್ಟಿದೆ. ಈಗ ಇಲ್ಲವೇ ಇಲ್ಲದ ಪೂರ್ವ ಜರ್ಮನಿಯ ಮೇಲೆ ಇನ್ನೂ ಯುದ್ಧದಲ್ಲಿದ್ದಾರೆ. ಆದರೆ ಆಸ್ತಿ ತೆರಿಗೆಯನ್ನು ತಪ್ಪದೆ ಕಟ್ಟುತ್ತಾರೆ. ಅದಕ್ಕೆ ಅವರು ‘ಅಮೆರಿಕಕ್ಕೆ ವಿದೇಶಿ ನೆರವು’ ಅನ್ನುತ್ತಾರೆ. ನೆರವು ಅಂದುಕೊಂಡು ನೀವೂ ಈ ವರ್ಷದ ಕಂದಾಯ ಕಟ್ಟಿಬಿಡಿ.

● ಹಳೆಯ ಹಟ್ ರಿವರ್ ಪಾಸ್‌ಪೋರ್ಟು, ಅಂಚೆಚೀಟಿ ಮಾರಾಟಕ್ಕಿವೆ. ಮಗ ಕೊಳ್ಳೋಣ ಅಂತಾನೆ. ಉಪಯೋಗ ಉಂಟಾ?
– ಕಿರಾಣಿ ಅಂಗಡಿಯವರು, ಉಡುಪಿ

ಅಂಚೆಚೀಟಿ ಕೊಂಡರೆ ಅಡ್ಡಿಯಿಲ್ಲ. ಯಾವ ಅಂಚೆಯಲ್ಲೂ ನಡೆಯದ ಇಂಥ ಚೀಟಿಗಳಿಗೆ ಸಂಗ್ರಹಕಾರರು ಸಿಂಡ್ರೆಲಾ ಅನ್ನುತ್ತಾರೆ. ಅದಕ್ಕೇ ಪ್ರತ್ಯೇಕ ಆಲ್ಬಂ ಇಡುವವರಿದ್ದಾರೆ. ಪಾಸ್‌ಪೋರ್ಟನ್ನು ಮಾತ್ರ ಶೋಕೇಸಿನಿಂದ ಆಚೆ ತೆಗೆಯಬೇಡಿ. ಐರೋಪ್ಯ ಒಕ್ಕೂಟ ಇಂಥ ‘ಕಾಲ್ಪನಿಕ ಪಾಸ್‌ಪೋರ್ಟು’ಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಸೀಲ್ಯಾಂಡ್ ಕೂಡ ಮೊದಲು ಪಾಸ್‌ಪೋರ್ಟ್ ಕೊಡುತ್ತಿತ್ತು. ಕಳ್ಳಕಾಕರ ಕೈಗೆಲ್ಲ ನಕಲಿ ಹೋಗಿ, ಕೊನೆಗೆ 1997ರಲ್ಲಿ ಎಲ್ಲವನ್ನೂ ತಾನೇ ರದ್ದು ಮಾಡಿತು.

● ಪರ್ತ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಹಟ್ ರಿವರ್ ನೋಡಲು ಆಗುತ್ತದಾ?
– ನಿವೃತ್ತ ಬ್ಯಾಂಕ್ ದಂಪತಿ, ಶಿವಮೊಗ್ಗ

ಈಗ ಅದು ಖಾಸಗಿ ಜಮೀನು. ಗೇಟು ದಾಟಬೇಡಿ. ಅಷ್ಟು ದೂರ ಹೋಗುವವರಾದರೆ ಪೋರ್ಟ್ ಗ್ರೆಗರಿ ಹತ್ತಿರ ಹಟ್ ಲಗೂನ್ ಎಂಬ ಉಪ್ಪುನೀರಿನ ಕೆರೆ ನೋಡಿ ಬನ್ನಿ. ನೀರು ಗುಲಾಬಿ ಬಣ್ಣ. ಒಂದು ಬಗೆಯ ಪಾಚಿಯಿಂದ ಹಾಗೆ. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟೀನ್ ಆ ಪಾಚಿಯಲ್ಲೂ ಇದೆ. ಅಲ್ಲಿ ಅದನ್ನು ಬೆಳೆಸಿ ತೆಗೆಯುವ ಕಾರ್ಖಾನೆಯೂ ಇದೆ. ಮೋಡ ಇದ್ದ ದಿನ ಬಣ್ಣ ಮಂಕು. ಬಿಸಿಲಿರುವ ದಿನ ನೋಡಿ, ಮಧ್ಯಾಹ್ನದ ಹೊತ್ತಿಗೆ ತಲುಪುವ ಹಾಗೆ ಹೊರಡಿ. ಕುಡಿಯುವ ನೀರು, ಪೆಟ್ರೋಲು ಎರಡನ್ನೂ ನಾರ್ತ್ಯಾಂಪ್ಟನ್‌ನಲ್ಲೇ ತುಂಬಿಸಿಕೊಳ್ಳಿ.